ಕಾರ್ಡುಯೆಲೈನ್ ಫಿಂಚ್ ಅಂದ್ರೆ ಯಾವ್ದು?

ಹಕ್ಕಿಹುಚ್ಚಿ: ಫಿಂಚ್ ಅನ್ನೋ ಬೀಜ ತಿನ್ನೋ ಪುಟ್ಟ ಹಕ್ಕಿಗಳ ಬಗ್ಗೆ ಓದ್ತಿದ್ರೆ ಪದೇ ಪದೇ "ಕಾರ್ಡುಯೆಲೈನ್" ಅಂತ ಬರತ್ತೆ, ಯಾರಾದ್ರೂ ಬಿಡಿಸಿ ಹೇಳ್ತೀರಾ? ನಮ್ಮ ರಾಟವಾಳಕ್ಕೂ (ಮುನಿಯಾ) ಹಾಗೇ ಅನ್ಬೋದಾ?

ಗದ್ದೆಬದು: ಎಲ್ಲಾ ಫಿಂಚ್‌ಗೂ ಅನ್ನಂಗಿಲ್ಲ. ಫ್ರಿಂಜಿಲಿಡೇ ಕುಟುಂಬದೊಳಗೆ ಕಾರ್ಡುಯೆಲಿನೇ ಅನ್ನೋ ಉಪಕುಟುಂಬ ಇದೆ, ಗೋಲ್ಡ್‌ಫಿಂಚ್, ಸಿಸ್ಕಿನ್, ಕ್ರಾಸ್‌ಬಿಲ್, ರೋಸ್‌ಫಿಂಚ್ ಎಲ್ಲಾ ಅದ್ರಲ್ಲೇ ಬರೋದು. ಹೆಸರಿನ ಮೂಲ ಲ್ಯಾಟಿನ್, ಅದ್ರಲ್ಲಿ ಕಾರ್ಡುವಸ್ ಅಂದ್ರೆ ಥಿಸಲ್ ಅನ್ನೋ ಮುಳ್ಳುಗಿಡ, ಅದ್ರ ಬೀಜ ಅಂದ್ರೆ ಗೋಲ್ಡ್‌ಫಿಂಚ್‌ಗೆ ಪ್ರಾಣ. ಮಜಾ ಏನಂದ್ರೆ ಚಾಫಿಂಚ್, ಬ್ರ್ಯಾಂಬ್ಲಿಂಗ್ ಇದೇ ಕುಟುಂಬ ಆದ್ರೂ ಉಪಕುಟುಂಬ ಬೇರೆ, ಅವು ಮರಿಗಳಿಗೆ ಹುಳ ತಂದು ತಿನ್ಸುತ್ವೆ, ಕಾರ್ಡುಯೆಲೈನ್‌ಗಳು ಮಾತ್ರ ಹೆಚ್ಚಾಗಿ ಬೀಜ ನುಂಗಿ ಮೆತ್ತಗೆ ಮಾಡ್ಕೊಂಡು ಕಕ್ಕಿ ಗುಟುಕು ಕೊಡೋದು.

ಮಲೆನಾಡಿಗ: ರಾಟವಾಳ ಎಸ್ಟ್ರಿಲ್ಡಿಡೇ ಅನ್ನೋ ಬೇರೆ ಕುಟುಂಬ ಕಣ್ರೀ, ಡಾರ್ವಿನ್ ಫಿಂಚ್ ಅಂತೂ ಟ್ಯಾನೇಜರ್ ಕುಟುಂಬ, ಈ ಫಿಂಚ್ ಅನ್ನೋ ಹೆಸರನ್ನ ಸಿಕ್ಕಸಿಕ್ಕ ಹಕ್ಕಿಗೆಲ್ಲಾ ಇಟ್ಬಿಟ್ಟಿದಾರೆ. ನಮ್ಮಲ್ಲಿ ಕಾರ್ಡುಯೆಲೈನ್ ನೋಡ್ಬೇಕಂದ್ರೆ ಚಳಿಗಾಲದಲ್ಲಿ ಘಟ್ಟದ ಕಡೆ ಬರೋ ಕಾಮನ್ ರೋಸ್‌ಫಿಂಚ್ ಹುಡುಕಿ.

ಹಕ್ಕಿಹುಚ್ಚಿ: ಥ್ಯಾಂಕ್ಸ್! ಪಂಜರದಲ್ಲಿ ಸಾಕೋ ಕೆನರಿ?

ಗದ್ದೆಬದು: ಅದೂ ಕಾರ್ಡುಯೆಲೈನೇ. ಝೀಬ್ರಾ ಫಿಂಚ್ ಅಲ್ಲ, ಅದು ರಾಟವಾಳದ ನೆಂಟ.