ಕಿತ್ತಳೆ ಪಟ್ಟಿ ನೋಡಿ ಲೆಪಾಸ್ ಹಿಲ್ಲಿ ಅನ್ನಬಹುದಾ?

ಅಲೆಮಾರಿ:
ತೇಲಿಬಂದ ಮರದ ದಿಮ್ಮಿಗೆ ಅಂಟಿಕೊಂಡಿದ್ದ, ಚಿಪ್ಪಿರುವ ಕಡಲಜೀವಿಗಳಾದ ತೊಟ್ಟಿನ ಬಾರ್ನಕಲ್‌ಗಳು ಇವು. ಒಂದೊಂದಕ್ಕೂ ಐದು ಬಿಳಿ ಫಲಕಗಳಿವೆ, ಹಾಗಾಗಿ ಲೆಪಾಸ್ ಕುಲದವು ಅಂದುಕೊಂಡೆ. ಫಲಕಗಳು ನುಣುಪಾಗೇ ಕಾಣುತ್ತವೆ, ಅವುಗಳ ಕೆಳಗೇ ತೊಟ್ಟಿನ ಮೇಲ್ತುದಿಯಲ್ಲಿ ಕಿತ್ತಳೆ ಬಣ್ಣದ ಪಟ್ಟಿ ಇದೆ. ಇಷ್ಟು ಸಾಕಲ್ವಾ, ಅದರಲ್ಲಿ ಹಿಲ್ಲಿ ಜಾತಿ ಅನ್ನೋದಕ್ಕೆ? ಗುಂಪಿನಲ್ಲಿ ಗೀರುಗೀರಾದ ಪುಟ್ಟವೂ ಇವೆ. ಅವು ಇವುಗಳ ಮರಿಗಳೇನು?

ಚಿಪ್ಪಿನೊಳಗೆ:
ಸಾಲದು. ಆ ಪಟ್ಟಿ ಅದೇ ಕುಲದ ಇನ್ನೊಂದು ಜಾತಿ ಅನ್ಸೆರಿಫೆರಾದಲ್ಲೂ ಇರುತ್ತದೆ. ಐದು ಫಲಕ ಅಂದಮಾತ್ರಕ್ಕೆ ಲೆಪಾಸ್ ಅಂತಲೂ ಅಲ್ಲ, ಡೋಸಿಮಾ ಅನ್ನೋ ಬೇರೆ ಕುಲಕ್ಕೂ ಐದೇ. ಆದರೆ ಅದರ ಫಲಕಗಳು ಕಾಗದದಷ್ಟು ತೆಳು, ಬೆನ್ನಿನ ಕ್ಯಾರಿನಾ ಫಲಕ ಮಧ್ಯದಲ್ಲಿ ಬಾಗಿ ಕೆಳಗೆ ಚಪ್ಪಟೆಯಾಗಿ ಅಗಲವಾಗುತ್ತದೆ, ಮತ್ತೆ ತೇಲೋದಕ್ಕೆ ನೊರೆಯಂಥ ಬುರುಗನ್ನು ತಾನೇ ಮಾಡಿಕೊಳ್ಳುತ್ತದೆ. ಲೆಪಾಸ್‌ನಲ್ಲಿ ಕ್ಯಾರಿನಾದ ಕೆಳತುದಿ ಕವಲೊಡೆದಿರುತ್ತದೆ.

ಹೊರಗಿನಿಂದ ನೋಡಿ ಹೆಸರಿಡೋದು ಬಿಟ್ಟು ಒಂದನ್ನು ಬಿಡಿಸಿ. ಬಾಯಿಯ ಎರಡೂ ಬದಿಯ ದೊಡ್ಡ ಫಲಕಗಳೇ ಸ್ಕ್ಯೂಟಮ್‌ಗಳು. ಮಾಂಸ ತೆಗೆದು ಒಳಬದಿ ತಿರುಗಿಸಿ, ತೊಟ್ಟಿನ ಕಡೆಯ ಮೂಲೆಯಲ್ಲಿ ಪುಟ್ಟ ಹಲ್ಲಿನಂಥ ಮೊನೆ ಇದೆಯಾ ನೋಡಿ. ಎರಡರಲ್ಲೂ ಇಲ್ಲದಿದ್ದರೆ ಹಿಲ್ಲಿ. ಬಲದ್ದರಲ್ಲಿ ಮಾತ್ರ ಇದ್ದರೆ ಅನಾಟಿಫೆರಾ. ಎಡದಲ್ಲಿ ಸಣ್ಣದು, ಬಲದಲ್ಲಿ ಗಟ್ಟಿಯಾದದ್ದು ಇದ್ದರೆ ಅನ್ಸೆರಿಫೆರಾ. ಎಡ ಬಲ ಯಾವುದು ಅಂತ ಗೊಂದಲವಾದರೆ ಬಿಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಆಯಿತು.

ಆರು ಜೋಡಿ ಕಾಲು:
ಹಲ್ಲು ಸವೆದಿದ್ದರೂ ಇನ್ನೊಂದು ದಾರಿ ಇದೆ. ಮೊದಲ ಜೋಡಿ ಕಾಲಿನ ಬುಡದಲ್ಲಿ ಮೆತ್ತಗಿನ ಎಳೆಗಳಿರುತ್ತವೆ, ಒಂದು ಬದಿಯವನ್ನು ಎಣಿಸಿ. ಅನಾಟಿಫೆರಾದಲ್ಲಿ ಸಾಮಾನ್ಯವಾಗಿ 2, ಹಿಲ್ಲಿಯಲ್ಲಿ 3, ಅನ್ಸೆರಿಫೆರಾದಲ್ಲಿ 5 ಅಥವಾ 6. ಕಾಲನ್ನೇ ಎಳೆ ಅಂತ ಎಣಿಸಿಬಿಡಬೇಡಿ, ಕಾಲಿಗೆ ಗೆಣ್ಣುಗಳೂ ಕೂದಲೂ ಇರುತ್ತವೆ, ಈ ಎಳೆ ಸುಮ್ನೆ ಬೋಳು, ಗೆಣ್ಣಿಲ್ಲ. ಈ ಪ್ರಾಣಿಗಳಿಗಾಗಿ 1846ರಿಂದ 1854ರವರೆಗೆ ಕೂತ ಡಾರ್ವಿನ್ ಕೂಡ ಲೆಪಾಸ್‌ಗಳನ್ನು ಬೇರ್ಪಡಿಸೋವಾಗ ಹಲ್ಲು, ಎಳೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದ.

ಅಲೆಮಾರಿ:
ಬಿಡಿಸಿದೆ. ಒಂದು ಸ್ಕ್ಯೂಟಮ್‌ನಲ್ಲಿ ಚೂಪಾದ ಹಲ್ಲು, ಇನ್ನೊಂದರಲ್ಲಿ ಉಗುರಿಗೆ ಸಿಗುವಷ್ಟು ಸಣ್ಣ ಉಬ್ಬು. ಎಳೆಗಳು ಒಂದು ಬದಿಗೆ 5. ಫಲಕ ಒಣಗಿದ ಮೇಲೆ ಓರೆ ಬೆಳಕಿನಲ್ಲಿ ತೆಳುವಾದ ಗೆರೆಗಳೂ ಕಂಡವು!

ಚಿಪ್ಪಿನೊಳಗೆ:
ಹಾಗಾದರೆ ಅನ್ಸೆರಿಫೆರಾನೇ. ಒದ್ದೆ ಫಲಕದಲ್ಲಿ ಆ ಗೆರೆಗಳು ಸುಲಭವಾಗಿ ಕಾಣೋದಿಲ್ಲ. ಪುಟ್ಟವುಗಳ ಕ್ಯಾರಿನಾ ಕವಲನ್ನು ನೋಡಿ. ಎರಡು ತುದಿಗಳೂ ಜಾಸ್ತಿ ಅಗಲಿ, ಹೆಚ್ಚುಕಡಿಮೆ ನೇರ ಗೆರೆಯಷ್ಟು ತೆರೆದುಕೊಂಡಿದ್ದರೆ, ಎಳೆ ಇಲ್ಲವೇ ಇಲ್ಲ ಅಥವಾ ಒಂದೇ ಇದ್ದರೆ, ಅವು ಮರಿಗಳಲ್ಲ, ಪೆಕ್ಟಿನಾಟಾ. ಅದರ ಫಲಕ ತೆಳು, ಗೀರು ಆಳ, ಕೆಲವದರಲ್ಲಿ ಮುಳ್ಳುಮುಳ್ಳಾಗಿಯೂ ಇರುತ್ತದೆ. ಒಂದೇ ದಿಮ್ಮಿಯ ಮೇಲೆ ಎರಡು ಜಾತಿ ಸೇರಿರೋದು ವಿಶೇಷವೇನಲ್ಲ.

ಆರು ಜೋಡಿ ಕಾಲು:
ಉಳಿದವನ್ನು ಅಲ್ಕೋಹಾಲ್‌ನಲ್ಲಿ ಇಡಿ. ಫಾರ್ಮಾಲಿನ್ ಹುಳಿಯಾದರೆ ಸುಣ್ಣದ ಫಲಕಗಳನ್ನೇ ತಿಂದುಬಿಡುತ್ತದೆ. ಬಣ್ಣ ಅಲ್ಕೋಹಾಲ್‌ನಲ್ಲೂ ಉಳಿಯೋದಿಲ್ಲ, ಹಾಕುವ ಮುಂಚೆ ಫೋಟೋ ತೆಗೆದುಕೊಳ್ಳಿ, ತೊಟ್ಟಿನ ಮೇಲ್ತುದಿ ಚೆನ್ನಾಗಿ ಕಾಣೋ ಹಾಗೆ.