ಹಾಕಿ ತಂಡ ಸೋಲುತ್ತಲೇ ಇದ್ದರೆ ನೀವೆಲ್ಲ ಹೇಗೆ ತಡೆದುಕೊಳ್ಳುತ್ತೀರಿ? ಅನುಭವ ಹೇಳಿ

ಕೇಳಿದವರು: ಸೋಮವಾರಪೇಟೆ ಕಡೆಯ ಹುಡುಗ, ಈಗ ಬೆಂಗಳೂರಿನಲ್ಲಿ ಕೆಲಸ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನಮ್ಮ ಮನೆಯಲ್ಲಿ ಕ್ರಿಕೆಟ್‌ಗಿಂತ ಹಾಕಿ ಹುಚ್ಚು ಜಾಸ್ತಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಬಂದಾಗ ಇನ್ನು ನಮ್ಮನ್ನು ಹಿಡಿಯುವವರಿಲ್ಲ ಅಂದುಕೊಂಡಿದ್ದೆ. ವರ್ಷ ತುಂಬುವ ಮೊದಲೇ, 2025ರ ಜೂನ್‌ನಲ್ಲಿ, ದೊಡ್ಡ ದೊಡ್ಡ ದೇಶಗಳ ತಂಡಗಳು ಆಡುವ ಪ್ರೊ ಲೀಗ್‌ನಲ್ಲಿ ಸಾಲಾಗಿ ಏಳು ಪಂದ್ಯ ಸೋತೆವು. ಒಂಬತ್ತು ತಂಡಗಳಲ್ಲಿ ಎಂಟನೇ ಸ್ಥಾನ. ಆಮೇಲೆ ಏಷ್ಯಾ ಕಪ್ ಗೆದ್ದೆವು, ನಿಜ. ಆದರೆ ಆ ಜೂನ್ ತಿಂಗಳು ತಲೆಯಿಂದ ಹೋಗುತ್ತಿಲ್ಲ. ಕೊನೆಯ ಐದು ನಿಮಿಷ ಬಂತೆಂದರೆ ಟಿವಿ ಆರಿಸಿಬಿಡೋಣ ಅನ್ನಿಸುತ್ತದೆ. ಆಟಗಾರರ ಪಟ್ಟಿ ಬಂದರೆ ಇನ್ನೊಂದು ಸಿಟ್ಟು. ಅದೇ ಹೆಸರುಗಳು. ಟೋಕಿಯೊಗೂ ಪ್ಯಾರಿಸ್‌ಗೂ ನಮ್ಮ ಕೊಡಗಿನವರು ಒಬ್ಬರೂ ಹೋಗಲಿಲ್ಲ. ನೋಡಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಮಡಿಕೇರಿಯಿಂದ, ನಿವೃತ್ತ ಬ್ಯಾಂಕ್ ನೌಕರ

ತಮ್ಮಾ, ನೀನು ಅಂತಲೇ ಬರೆಯುತ್ತೇನೆ. ನನ್ನ ಕಿರಿಮಗನ ವಯಸ್ಸಿರಬೇಕು ನಿನಗೆ.

ನಾನು ಕಂಡ ಸೋಲುಗಳನ್ನು ಮೊದಲು ಹೇಳಿಬಿಡುತ್ತೇನೆ. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಬಂತು, ಆ ತಂಡದಲ್ಲಿ ನಮ್ಮ ಎಂ.ಎಂ. ಸೋಮಯ್ಯ ಇದ್ದರು. ಆರೇ ವರ್ಷ ಕಳೆಯಿತು ನೋಡು, ಲಂಡನ್ ವಿಶ್ವಕಪ್‌ನಲ್ಲಿ ಹನ್ನೆರಡು ತಂಡಗಳಲ್ಲಿ ನಮ್ಮದು ಹನ್ನೆರಡನೇ ಸ್ಥಾನ. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು 0-2ರಿಂದ ಸೋತು ಬೀಜಿಂಗ್ ಒಲಿಂಪಿಕ್ಸ್ ಬಾಗಿಲೇ ಮುಚ್ಚಿತು. 1928ರಿಂದ ನಮ್ಮ ತಂಡ ಇಲ್ಲದ ಒಲಿಂಪಿಕ್ಸ್ ಹಾಕಿ ಇರಲೇ ಇಲ್ಲ. ಆ ದಿನ ನಮ್ಮ ಬೀದಿಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ, ಸಾವಿನ ಮನೆ ಇದ್ದ ಹಾಗಿತ್ತು. 2012ರಲ್ಲಿ ಲಂಡನ್‌ಗೆ ಹೋದರು. ಆಡಿದ ಆರೂ ಪಂದ್ಯ ಸೋತರು. ಮತ್ತೆ ಹನ್ನೆರಡಕ್ಕೆ ಹನ್ನೆರಡು.

ಆಗ ನನಗೂ ನಿನ್ನಷ್ಟೇ ಸಿಟ್ಟು. ಊರಿನಲ್ಲಿ ಎಲ್ಲರದೂ ಒಂದೇ ಮಾತು, ಇಡೀ ತಂಡವನ್ನು ಮನೆಗೆ ಕಳಿಸಿ ಹೊಸಬರನ್ನು ತನ್ನಿ ಅಂತ. ಈಗ ಆ ಲಂಡನ್ ತಂಡದ ಪಟ್ಟಿ ತೆಗೆದು ನೋಡು. ಶ್ರೀಜೇಶ್, ಮನ್‌ಪ್ರೀತ್, ಸರ್ದಾರ್ ಸಿಂಗ್, ಬೀರೇಂದ್ರ ಲಾಕ್ರಾ. ನಮ್ಮವರು ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ. ಇಷ್ಟೂ ಜನ 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಸೋಲಿಸಿ ಚಿನ್ನ ತಂದರು. ಕೊನೆಯ ಸ್ಥಾನದಿಂದ ಚಿನ್ನಕ್ಕೆ ಎರಡೇ ವರ್ಷ, ಬಹುಪಾಲು ಅದೇ ಹುಡುಗರು. ಮನ್‌ಪ್ರೀತ್ ಟೋಕಿಯೊದಲ್ಲಿ ಕಂಚು ಗೆದ್ದ ತಂಡದ ನಾಯಕ. ಶ್ರೀಜೇಶ್ ಪ್ಯಾರಿಸ್‌ವರೆಗೂ ಗೋಲು ಕಾದರು. ಆ ದಿನ ನಮ್ಮ ಮಾತು ನಡೆದಿದ್ದರೆ ಇವರಲ್ಲಿ ಅರ್ಧ ಜನ ಅಲ್ಲಿಗೇ ಮುಗಿದುಹೋಗುತ್ತಿದ್ದರು.

ಅದಕ್ಕೇ ಪಟ್ಟಿ ಬಂದ ದಿನ ನಾನು ಅದರ ಬಗ್ಗೆ ಮಾತೇ ಆಡುವುದಿಲ್ಲ. ನಾಲ್ಕು ಪಂದ್ಯ ಆಗಲಿ, ಆಮೇಲೆ ಕೂತು ನೋಡುತ್ತೇನೆ. ಅಷ್ಟರಲ್ಲಿ ಯಾರು ದಣಿದಿದ್ದಾರೆ, ಯಾರು ಸುಮ್ನೆ ಜಾಗ ಹಿಡಿದಿದ್ದಾರೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಮಾತು. ನೀನು ಏಳು ಸೋಲು ಅಂದೆ. ಅಂಕಿ ಬರೆದು ನೋಡು. ನೆದರ್ಲೆಂಡ್ಸ್ ಎದುರು 1-2, 2-3. ಅರ್ಜೆಂಟೀನಾ ಎದುರು 3-4, 1-2. ಆಸ್ಟ್ರೇಲಿಯಾ ಎದುರು ಎರಡು ಸಲವೂ 2-3. ಬೆಲ್ಜಿಯಂ ಎದುರು 3-6. ಕೊನೆಯದೊಂದು ಬಿಟ್ಟು ಉಳಿದ ಆರೂ ಒಂದೇ ಗೋಲಿನ ಸೋಲು. 2012ರ ಸೋಲು ಹೀಗಿರಲಿಲ್ಲ. ಆಗ ಹೆಚ್ಚಿನ ಪಂದ್ಯಗಳಲ್ಲಿ ನಾವು ಎದುರಾಳಿಗಳ ಹತ್ತಿರಕ್ಕೂ ಹೋಗಿರಲಿಲ್ಲ.

ಆಮ್‌ಸ್ಟೆಲ್‌ವೀನ್, ನೆದರ್ಲೆಂಡ್ಸ್‌ನಿಂದ

ಸರ್ ಹೇಳಿದ ಆ 1-2 ಪಂದ್ಯ ನಮ್ಮ ಊರಿನಲ್ಲೇ ನಡೆದದ್ದು, ವಾಗೆನರ್ ಕ್ರೀಡಾಂಗಣದಲ್ಲಿ. ನಾನು, ನನ್ನ ಗಂಡ, ಇಲ್ಲಿನ ಕನ್ನಡದ ಕೆಲವು ಮನೆಯವರು ಒಟ್ಟಿಗೆ ಹೋಗಿದ್ದೆವು. ಈ ಊರಿನಲ್ಲಿ ಭಾರತೀಯರು ತುಂಬಾ ಜನ ಇದ್ದೇವೆ. ತ್ರಿವರ್ಣ ಧ್ವಜಗಳಿಗೇನೂ ಕಮ್ಮಿ ಇರಲಿಲ್ಲ.

ಟಿವಿಯಲ್ಲಿ ಕಾಣದ ಒಂದು ಸಂಗತಿ ಅಲ್ಲಿ ಕಂಡಿತು, ಅದನ್ನೇ ಹೇಳೋಣ ಅಂತ ಬರೆಯುತ್ತಿದ್ದೇನೆ. ಕ್ಯಾಮೆರಾ ಯಾವಾಗಲೂ ಚೆಂಡಿನ ಹಿಂದೆ ಓಡುತ್ತದೆ. ಮೇಲಿನ ಸಾಲಿನಲ್ಲಿ ಕೂತರೆ ಇಡೀ ಮೈದಾನ ಕಾಣುತ್ತದೆ. ನಾಯಕ ಹರ್ಮನ್‌ಪ್ರೀತ್ ಗೋಲಿನಿಂದ ನಾವೇ ಮುಂದಿದ್ದೆವು. ಮೂರನೇ ಕ್ವಾರ್ಟರ್‌ವರೆಗೂ ನಮ್ಮ ಮೂರು ಸಾಲುಗಳೂ ಒಟ್ಟಿಗೇ ಮುಂದೆ ಬರುತ್ತಿದ್ದವು, ಒಟ್ಟಿಗೇ ಹಿಂದೆ ಹೋಗುತ್ತಿದ್ದವು. ನಾಲ್ಕನೇ ಕ್ವಾರ್ಟರ್‌ನಲ್ಲಿ ಫಾರ್ವರ್ಡ್‌ಗಳು ಮೇಲೆಯೇ ಉಳಿದರು, ಡಿಫೆನ್ಸ್ ಕೆಳಗೆ ಇಳಿಯಿತು. ನಡುವೆ ದೊಡ್ಡ ಜಾಗ. ಡಚ್ಚರು ಗಾಬರಿಯಿಲ್ಲದೆ ಆ ಜಾಗದಲ್ಲೇ ಚೆಂಡು ಹಿಡಿದು, ತಿರುಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊಡುತ್ತಾ ಹೋದರು. ನನ್ನ ಪಕ್ಕದಲ್ಲಿ ಕೂತ ಡಚ್ ಅಜ್ಜಿಯೊಬ್ಬರು ಕೈ ತೋರಿಸಿ ‘ಅಲ್ಲಿ ನೋಡು, ಅಲ್ಲಿ ಯಾರೂ ಇಲ್ಲ’ ಅಂದರು. ಸ್ವಲ್ಪ ಹೊತ್ತಿಗೆ ಗೋಲು ಆಯಿತು.

ಅವತ್ತಿನಿಂದ ನನ್ನ ಸಿಟ್ಟು ಒಬ್ಬ ಆಟಗಾರನ ಮೇಲೆ ಹೋಗುವುದಿಲ್ಲ. ಟಿವಿಯಲ್ಲಿ ನೋಡುವಾಗ ಡಿಫೆಂಡರ್ ತಪ್ಪಿದ ಹಾಗೆ ಕಾಣುತ್ತದೆ. ನಿಜವಾಗಿ ಅವನ ಮುಂದಿದ್ದ ನಾಲ್ಕು ಜನ ಹಿಂದಕ್ಕೆ ಓಡಿ ಬಂದಿರುವುದಿಲ್ಲ. ಬೆಂಚಿನಿಂದ ಬರುವವರು ಎಷ್ಟು ತಾಜಾ ಇದ್ದಾರೆ ಅನ್ನುವುದೇ ಕೊನೆಯ ಹತ್ತು ನಿಮಿಷ. ಪಟ್ಟಿಯ ಬಗ್ಗೆ ಜಗಳ ಆಡುವುದಾದರೆ ಹನ್ನೊಂದು ಜನರ ಬಗ್ಗೆ ಬೇಡ, ಉಳಿದ ಐದಾರು ಜನರ ಬಗ್ಗೆ ಆಡಿ.

2026ರ ಆಗಸ್ಟ್‌ನ ವಿಶ್ವಕಪ್‌ನ ಒಂದು ಭಾಗ ಇದೇ ಕ್ರೀಡಾಂಗಣದಲ್ಲಿ, ಇನ್ನೊಂದು ಬೆಲ್ಜಿಯಂನ ವಾವ್ರ್‌ನಲ್ಲಿ. ಯುರೋಪಿನಲ್ಲಿ ನೆಂಟರಿಷ್ಟರು ಇರುವವರು ಒಮ್ಮೆ ಬಂದು ನೋಡಿ.

ಹುಬ್ಬಳ್ಳಿಯಿಂದ, ದೈಹಿಕ ಶಿಕ್ಷಣ ಶಿಕ್ಷಕಿ

ನಾನು ಮಕ್ಕಳಿಗೆ ಹೇಳಿಕೊಡುವುದನ್ನೇ ನಿಮಗೂ ಹೇಳುತ್ತೇನೆ. ಪಂದ್ಯ ನೋಡುವಾಗ ಕೈಯಲ್ಲಿ ಒಂದು ನೋಟ್‌ಬುಕ್, ಪೆನ್ನು ಇರಲಿ. ನಮ್ಮವರು ಎಷ್ಟು ಸಲ ಎದುರಾಳಿಯ ಗೋಲಿನ ಮುಂದಿನ ಅರ್ಧವೃತ್ತ, ಅಂದರೆ ‘ಡಿ’ ಒಳಗೆ ಹೋದರು? ಅಲ್ಲಿ ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಕಾರ್ನರ್ ಎಷ್ಟು ಸಿಕ್ಕಿತು, ಎಷ್ಟು ಬಿಟ್ಟುಕೊಟ್ಟರು? ಪೆನಾಲ್ಟಿ ಇಲ್ಲದೆ ಆಟದ ನಡುವೆಯೇ ಬಂದ ಫೀಲ್ಡ್ ಗೋಲು ಎಷ್ಟು? ಗೆರೆ ಎಳೆಯುತ್ತಾ ಹೋಗಿ. ಮನಸ್ಸಿಗೆ ಒಂದು ಕೆಲಸ ಸಿಕ್ಕರೆ ಎದೆ ಹೊಡೆದುಕೊಳ್ಳುವುದು ಅರ್ಧ ಕಮ್ಮಿ. ಪಂದ್ಯ ಮುಗಿದ ಮೇಲೆ ಸೋತದ್ದು ಎಲ್ಲಿ ಅಂತ ಹಾಳೆಯೇ ಹೇಳುತ್ತದೆ.

ಪೆನಾಲ್ಟಿ ಕಾರ್ನರ್ ತಡೆಯುವುದನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡಿ. ಗೋಲುಗೆರೆಯ ಹಿಂದೆ ಗೋಲ್‌ಕೀಪರ್ ಸೇರಿ ಐದೇ ಜನ. ಉಳಿದವರೆಲ್ಲ ನಡುಗೆರೆಯ ಆಚೆ. ಎದುರಾಳಿ ಗೋಲುಗೆರೆಯ ಬದಿಯಿಂದ ಚೆಂಡು ತಳ್ಳಿದ ಕ್ಷಣ ಒಬ್ಬ ನೇರವಾಗಿ ಗೋಲಿಗೆ ಫ್ಲಿಕ್ ಮಾಡುವವನ ಮೇಲೆ ಓಡಬೇಕು. ಅವನನ್ನು ಫಸ್ಟ್ ರಷರ್ ಅನ್ನುತ್ತಾರೆ. ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್, ಎದುರಿನಿಂದ ಮೈಮೇಲೇ ಬರುವ ಚೆಂಡು. ನಮ್ಮ ತಂಡದಲ್ಲಿ ಆ ಕೆಲಸ ಅಮಿತ್ ರೋಹಿದಾಸ್ ಅವರದು. ಪ್ಯಾರಿಸ್ ಕ್ವಾರ್ಟರ್‌ಫೈನಲ್ ನೆನಪಿದೆಯಾ? ಬ್ರಿಟನ್ ಎದುರು 17ನೇ ನಿಮಿಷಕ್ಕೇ ಅವರಿಗೆ ಕೆಂಪು ಕಾರ್ಡ್. ನಲವತ್ತು ನಿಮಿಷಕ್ಕೂ ಜಾಸ್ತಿ ಹತ್ತೇ ಜನ ಆಡಿ 1-1ರಲ್ಲಿ ಹಿಡಿದು ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಸೆಮಿಫೈನಲ್‌ಗೆ ಅಮಿತ್ ಇಲ್ಲ. ಜರ್ಮನಿ ಎದುರು 2-3. ಒಬ್ಬರೇ ಕಾರಣ ಅನ್ನುತ್ತಿಲ್ಲ. ಆದರೆ ಒಲಿಂಪಿಕ್ಸ್ ತಂಡದಲ್ಲಿ ಹದಿನಾರೇ ಜನ. ಗೋಲು ಹೊಡೆಯದ ಆಟಗಾರನನ್ನು ಯಾಕೆ ಇಟ್ಟುಕೊಂಡಿದ್ದಾರೆ ಅಂತ ಬೈಯುವ ಮೊದಲು ಅವನು ಈ ಕೆಲಸ ಮಾಡುವವನಾ ಅಂತ ನೋಡಬೇಕು, ಅಲ್ವಾ?

ಇನ್ನು ಎಲ್ಲರೂ ಗಂಡಸರ ತಂಡದ ಬಗ್ಗೆಯೇ ಬರೆದಿದ್ದೀರಿ. ಹೆಣ್ಣುಮಕ್ಕಳ ತಂಡ ಟೋಕಿಯೊದಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಿತ್ತು. 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್ ಎದುರು 0-1ರಿಂದ ಸೋತು ಪ್ಯಾರಿಸ್‌ಗೆ ಹೋಗಲೇ ಇಲ್ಲ. 2025ರಲ್ಲಿ ಪ್ರೊ ಲೀಗ್‌ನಲ್ಲಿ ಕೊನೆಯ ಸ್ಥಾನಕ್ಕೆ ಇಳಿದು ಲೀಗ್‌ನಿಂದಲೇ ಹೊರಬಿದ್ದರು. ನನ್ನ ಶಾಲೆಯ ಹುಡುಗಿಯರಿಗೆ ಅವರೇ ಮಾದರಿ. ನಿಮ್ಮ ಸಿಟ್ಟಿನಲ್ಲಿ ಅವರಿಗೂ ಸ್ವಲ್ಪ ಪಾಲು ಕೊಡಿ. ಯಾರೂ ಸಿಟ್ಟೂ ಮಾಡಿಕೊಳ್ಳದ ತಂಡದ ಪಾಡು ಇನ್ನೂ ಕಷ್ಟ.

ಕೇಳಿದ ಹುಡುಗ

ಮೇಡಂ, ಫೀಲ್ಡ್ ಗೋಲು ಅಂದಿರಿ. ನನಗೆ ಅತಿ ಹೆಚ್ಚು ಭಯ ಅದೇ. ಹರ್ಮನ್‌ಪ್ರೀತ್ ಇಲ್ಲದ ದಿನ ಗೋಲು ಹೊಡೆಯುವವರು ಯಾರು?

ಹುಬ್ಬಳ್ಳಿಯಿಂದ

ಭಯ ಸುಮ್ನೆ ಅಲ್ಲ. ಪ್ಯಾರಿಸ್‌ನಲ್ಲಿ ಅವರೊಬ್ಬರೇ ಹತ್ತು ಗೋಲು ಹೊಡೆದರು. ಕಂಚಿನ ಪಂದ್ಯದಲ್ಲಿ ಸ್ಪೇನ್ ಎದುರು ಬಂದ ಎರಡೂ ಗೋಲು ಅವರ ಪೆನಾಲ್ಟಿ ಕಾರ್ನರ್‌ನಿಂದಲೇ. ಒಬ್ಬನ ಕೈಮೇಲೆ ಇಷ್ಟು ಭಾರ ಹಾಕಿದರೆ ಎದುರಾಳಿಗೂ ಅವನನ್ನು ತಡೆಯುವುದೊಂದೇ ಕೆಲಸ. ಆದರೆ ರಾಜಗೀರ್‌ನ ಏಷ್ಯಾ ಕಪ್ ಫೈನಲ್ ಇನ್ನೊಮ್ಮೆ ನೋಡಿ. ಕೊರಿಯಾ ಎದುರು 4-1. ಸುಖ್‌ಜೀತ್ ಮೊದಲ ನಿಮಿಷದಲ್ಲೇ, ದಿಲ್‌ಪ್ರೀತ್ ಎರಡು, ಅಮಿತ್ ಒಂದು. ಹರ್ಮನ್‌ಪ್ರೀತ್ ಹೆಸರೇ ಇಲ್ಲ. ಕೊರಿಯಾ ಬೇರೆ, ಬೆಲ್ಜಿಯಂ ಬೇರೆ, ಒಪ್ಪುತ್ತೇನೆ. ಆದರೂ ಮುಂದಿನ ಸಾಲಿನವರು ಗೋಲು ಹೊಡೆಯಬಲ್ಲರು ಅನ್ನುವುದಕ್ಕೆ ಆ ಫೈನಲ್ ಸಾಕ್ಷಿ.

ಕುಶಾಲನಗರದಿಂದ

ನನ್ನದು ಬೇರೆ ಮಾತು. ಆಗದಿದ್ದರೆ ನೋಡಬೇಡಿ. 2023ರ ವಿಶ್ವಕಪ್‌ನಲ್ಲಿ ಭುವನೇಶ್ವರದಲ್ಲಿ ನ್ಯೂಜಿಲೆಂಡ್ ಎದುರು 3-1 ಮುಂದಿದ್ದವರು 3-3 ಮಾಡಿಕೊಂಡು ಶೂಟೌಟ್‌ನಲ್ಲಿ ಸೋತರಲ್ಲ, ಅದಾದ ಮೇಲೆ ನಾನು ಕೆಲವು ತಿಂಗಳು ಅಂತಾರಾಷ್ಟ್ರೀಯ ಹಾಕಿ ನೋಡಲಿಲ್ಲ. ನಷ್ಟ ಏನೂ ಆಗಲಿಲ್ಲ. ಬದಲಿಗೆ ಕೊಡವ ಕೌಟುಂಬಿಕ ಹಾಕಿಗೆ ಹೋದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಅರವತ್ತು ಕುಟುಂಬಗಳಿಂದ ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಆಡಿದವು. ಒಂದೇ ಮನೆಯ ಅಪ್ಪ, ಮಗಳು, ಅತ್ತೆ, ಹನ್ನೆರಡು ವರ್ಷದ ಹುಡುಗ ಒಂದೇ ತಂಡದಲ್ಲಿ ಓಡುವುದನ್ನು ನೋಡಿದರೆ ಹಾಕಿ ಮೇಲಿನ ಪ್ರೀತಿ ತಾನಾಗಿ ಮರಳುತ್ತದೆ. ಅಲ್ಲಿ ನಮ್ಮ ಮನೆ ಮೊದಲ ಸುತ್ತಿಗೇ ಹೊರಗೆ ಬಂದರೂ ನಾನು ಫೈನಲ್‌ವರೆಗೂ ಇರುತ್ತೇನೆ.

ಬೆಂಗಳೂರಿನಿಂದ, ಮಕ್ಕಳಿಗೆ ಹಾಕಿ ಕೋಚ್

ನಮ್ಮವರು ಯಾಕಿಲ್ಲ ಅನ್ನುವ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಡಲಿಲ್ಲ. ರಿಯೊ ಒಲಿಂಪಿಕ್ಸ್‌ಗೆ 2016ರಲ್ಲಿ ಕರ್ನಾಟಕದಿಂದ ನಾಲ್ವರು ಹೋಗಿದ್ದರು. ರಘುನಾಥ್, ಸುನಿಲ್, ಉತ್ತಪ್ಪ, ನಿಕಿನ್ ತಿಮ್ಮಯ್ಯ. ಆಮೇಲಿನ ಎರಡು ಒಲಿಂಪಿಕ್ಸ್‌ಗೆ ಸೊನ್ನೆ. ರಾಷ್ಟ್ರೀಯ ಶಿಬಿರ ನಡೆಯುವುದು ನಮ್ಮ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲೇ. ತಂಡ ಇಲ್ಲೇ ಬೆವರು ಸುರಿಸುತ್ತದೆ, ಆ ಎರಡೂ ಒಲಿಂಪಿಕ್ಸ್ ತಂಡದಲ್ಲಿ ನಮ್ಮ ಹುಡುಗರಿರಲಿಲ್ಲ. ಇದು ನನಗೆ ದಿನಾ ನೋವು ಕೊಡುವ ವಿಷಯ.

ಆಯ್ಕೆಗಾರರನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ಒಡಿಶಾದ ಸುಂದರ್‌ಗಢ, ಪಂಜಾಬಿನ ಜಲಂಧರ್ ಕಡೆ ಹುಡುಗರು ಹತ್ತು ಹನ್ನೆರಡು ವರ್ಷಕ್ಕೇ ಹಾಸ್ಟೆಲ್ ಸೇರಿ ದಿನಾ ಕೃತಕ ಹುಲ್ಲಿನ ಟರ್ಫ್ ಮೇಲೆ ಆಡುತ್ತಾರೆ. ನಮ್ಮಲ್ಲಿ ಬಹಳ ಮಕ್ಕಳು ಮಣ್ಣಿನ ಮೈದಾನದಲ್ಲಿ ಕಲಿತು ಆಮೇಲೆ ಟರ್ಫ್‌ಗೆ ಬರುತ್ತಾರೆ. ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ಹಾಗಾಗಿ ಮೊದಲು ನಿಲ್ಲಿಸಿ ಆಮೇಲೆ ತಲೆ ಎತ್ತುವ ಅಭ್ಯಾಸ ಬೀಳುತ್ತದೆ. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ಜಾರಿಕೊಂಡು ಬರುವಾಗಲೇ ತಲೆ ಎತ್ತಿರಬೇಕು. ಆ ಅರ್ಧ ಸೆಕೆಂಡಿನ ಅಭ್ಯಾಸ ಬಿಡಿಸಲು ನನಗೆ ಒಬ್ಬೊಬ್ಬ ಹುಡುಗನ ಹಿಂದೆ ವರ್ಷಗಟ್ಟಲೆ ಹಿಡಿಯುತ್ತದೆ.

ಇನ್ನೊಂದು ಕೊರತೆ. ಹಾಕಿ ಇಂಡಿಯಾ ಲೀಗ್ ಏಳು ವರ್ಷ ನಿಂತುಹೋಗಿ 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದಾಗ ಗಂಡಸರ ಎಂಟು ತಂಡ ಇದ್ದವು. ಹೈದರಾಬಾದ್‌ಗೆ ಒಂದು, ತಮಿಳುನಾಡಿಗೆ ಒಂದು. ಬೆಂಗಳೂರಿಗೆ ಇಲ್ಲ. ಹಿಂದೆ ಪ್ರೀಮಿಯರ್ ಹಾಕಿ ಲೀಗ್ ಕಾಲದಲ್ಲಿ ಬೆಂಗಳೂರು ಲಯನ್ಸ್ ಇತ್ತು, ಅರ್ಜುನ್ ಹಾಲಪ್ಪ ಅವರ ಆಟ ನೋಡಲೆಂದೇ ಜನ ಬರುತ್ತಿದ್ದರು. ಹೊರದೇಶದ ಆಟಗಾರರ ಜೊತೆ ಒಂದೇ ಡ್ರೆಸಿಂಗ್ ರೂಮಿನಲ್ಲಿ ಇದ್ದು ಕಲಿಯುವುದನ್ನು ಯಾವ ಶಿಬಿರವೂ ಕಲಿಸುವುದಿಲ್ಲ. ನಮ್ಮ ಊರಿನಲ್ಲಿ ಇಷ್ಟೊಂದು ಕಂಪನಿಗಳಿವೆ, ಒಂದಾದರೂ ಮುಂದೆ ಬರಬೇಕು.

ಬಾಗಿಲು ಪೂರ್ತಿ ಮುಚ್ಚಿಲ್ಲ. 2025ರ ಜುಲೈನಲ್ಲಿ ಯುರೋಪಿಗೆ ಹೋದ, ಎರಡನೇ ಸಾಲಿನ ಇಂಡಿಯಾ ‘ಎ’ ತಂಡದಲ್ಲಿ ಗೋಲ್‌ಕೀಪರ್ ಮೋಹಿತ್ ಎಚ್.ಎಸ್., ಮೊಹಮ್ಮದ್ ರಾಹೀಲ್, ಸಿ.ಬಿ. ಪೂವಣ್ಣ ಇದ್ದರು. ಅದೇ ವರ್ಷದ ಜೂನಿಯರ್ ವಿಶ್ವಕಪ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಸುನಿಲ್ ಪಾಲಾಕ್ಷಪ್ಪ ಬೆನ್ನೂರ ಆಡಿದ. ದೊಡ್ಡ ತಂಡದ ಪಟ್ಟಿ ಬಂದಾಗ ಮಾತ್ರ ಇವರ ಹೆಸರು ಹುಡುಕಬೇಡಿ. ಇವರು ‘ಎ’ ತಂಡಕ್ಕೆ, ಜೂನಿಯರ್ ತಂಡಕ್ಕೆ ಆಡುವಾಗಲೂ ನೋಡಿ, ಅದರ ಬಗ್ಗೆ ಬರೆಯಿರಿ. ನೋಡುವವರಿದ್ದಾರೆ ಅಂತ ಗೊತ್ತಾದರೆ ಹುಡುಗರಿಗೂ ಹುಮ್ಮಸ್ಸು, ಹಣ ಹಾಕುವವರಿಗೂ ಧೈರ್ಯ.

ತಮ್ಮಾ, ನೀವು ಬೆಂಗಳೂರಿನಲ್ಲೇ ಇದ್ದೀರಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹಾಕಿ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯಗಳು ನಡೆಯುತ್ತಿರುತ್ತವೆ, ಗ್ಯಾಲರಿ ಬಹುಪಾಲು ಖಾಲಿ. ನನ್ನ ಹುಡುಗರು ಆಡುವ ದಿನ ಹೇಳುತ್ತೇನೆ, ಸ್ನೇಹಿತರನ್ನೂ ಕರೆದುಕೊಂಡು ಬನ್ನಿ.