ಹೋಸ್ಟ್‌ನಲ್ಲಿ ಡ್ರೈವರ್ ಇಲ್ಲದ ಯುಎಸ್‌ಬಿ ಸಾಧನವನ್ನು ವರ್ಚುವಲ್ ಮಷಿನ್‌ನಲ್ಲಿ ಬಳಸಿದವರ ಅನುಭವಗಳು

ಪ್ರಶ್ನೆ:

ನಮ್ಮ ಕಚೇರಿಯ ಕಂಪ್ಯೂಟರಿಗೆ ಈಚೆಗೆ ಲಿನಕ್ಸ್ ಮಿಂಟ್ ಹಾಕಿದ್ದೇನೆ. ಹಳೆಯದೊಂದು ಫ್ಲಾಟ್‌ಬೆಡ್ ಸ್ಕ್ಯಾನರ್ ಇದ್ದು, ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ವಿಂಡೋಸ್ 7ಕ್ಕೇ ನಿಂತುಹೋಗಿದೆ. ಲಿನಕ್ಸಿನ ಯಾವ ತಂತ್ರಾಂಶವೂ ಅದನ್ನು ಗುರುತಿಸುತ್ತಿಲ್ಲ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು (ವರ್ಚುವಲ್ ಮಷಿನ್) ನಡೆಸುವ ವರ್ಚುವಲ್‌ಬಾಕ್ಸ್ 7ರೊಳಗೆ ವಿಂಡೋಸ್ 7 ಹಾಕಿದರೆ ಸ್ಕ್ಯಾನರ್ ಅಲ್ಲಿ ಕೆಲಸ ಮಾಡೀತೇ? ಮೊದಲು ಹೋಸ್ಟ್‌ನಲ್ಲಿ (ಅಂದರೆ ಹೊರಗಿನ ಲಿನಕ್ಸಿನಲ್ಲಿ) ನಡೆದರೆ ಮಾತ್ರ ಗೆಸ್ಟ್‌ನಲ್ಲಿ (ಒಳಗಿನ ವಿಂಡೋಸ್‌ನಲ್ಲಿ) ನಡೆಯುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ವರ್ಚುವಲ್‌ಬಾಕ್ಸ್‌ನ ಯುಎಸ್‌ಬಿ ಪಟ್ಟಿ ಪೂರ್ತಿ ಖಾಲಿ ಇರುವುದನ್ನು ನೋಡಿದರೆ ಅವರ ಮಾತೇ ನಿಜವೆನಿಸುತ್ತದೆ. ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಹಾಸನದಿಂದ, ಜೆರಾಕ್ಸ್ ಅಂಗಡಿ ನಡೆಸುವವರು:

ನಿಮ್ಮ ಪರಿಚಯದವರ ಮಾತು ಸರಿಯಲ್ಲ ಸರ್. ಸಾಧನವನ್ನು ಪೋರ್ಟಿಗೆ ಚುಚ್ಚಿದ ಕೂಡಲೇ ಅದು ತನ್ನ ತಯಾರಕರ ಸಂಖ್ಯೆಯನ್ನೂ ಉತ್ಪನ್ನದ ಸಂಖ್ಯೆಯನ್ನೂ ಹೇಳಿಕೊಳ್ಳುತ್ತದೆ. ಅಷ್ಟನ್ನು ಕೇಳಿಸಿಕೊಳ್ಳಲು ಪೋರ್ಟನ್ನು ನಡೆಸುವ ಯುಎಸ್‌ಬಿ ಕಂಟ್ರೋಲರಿನ ಡ್ರೈವರ್ ಇದ್ದರೆ ಸಾಕು, ಸ್ಕ್ಯಾನರಿನ ಡ್ರೈವರ್ ಬೇಕಿಲ್ಲ. ಅಲ್ಲಿಂದ ಮುಂದೆ ಗೆಸ್ಟ್‌ನೊಳಗಿನ ಡ್ರೈವರ್ ಏನು ಕೇಳುತ್ತದೆಯೋ ಅದನ್ನು ಸಾಧನಕ್ಕೆ, ಸಾಧನ ಕೊಟ್ಟದ್ದನ್ನು ಮರಳಿ ಗೆಸ್ಟ್‌ಗೆ ದಾಟಿಸುವುದಷ್ಟೇ ವರ್ಚುವಲ್‌ಬಾಕ್ಸ್‌ನ ಕೆಲಸ. ಇದು ಮನೆಗೆ ನೆಂಟರು ಬಂದ ಹಾಗೆ: ಬಂದವರು ಒಳಮನೆಯವರನ್ನು ನೋಡಲು ಬಂದಿದ್ದಾರೆ. ಜಗಲಿಯಲ್ಲಿ ಕುಳಿತವರಿಗೆ ಅವರ ಪರಿಚಯ ಇರಬೇಕೆಂದಿಲ್ಲ, ತಡೆದು ಮಾತಿಗೆಳೆಯದಿದ್ದರೆ ಸಾಕು.

ಪಟ್ಟಿ ಖಾಲಿ ಇರುವುದಕ್ಕೆ ಕಾರಣ ಬೇರೆ. ಅದರಲ್ಲಿ ಸ್ಕ್ಯಾನರ್ ಒಂದೇ ಅಲ್ಲ, ಮೌಸ್ ಕೂಡ ಕಾಣುತ್ತಿಲ್ಲ ಎಂಬುದನ್ನು ಗಮನಿಸಿ. ಮೌಸಿಗೆ ಡ್ರೈವರ್ ಇಲ್ಲ ಎನ್ನಲಾಗದಷ್ಟೇ! ಲಿನಕ್ಸಿನಲ್ಲಿ ನಿಮ್ಮ ಬಳಕೆದಾರ ಖಾತೆಯನ್ನು ‘ವಿಬಾಕ್ಸ್‌ಯೂಸರ್ಸ್’ ಎಂಬ ಗುಂಪಿಗೆ ಸೇರಿಸದಿದ್ದರೆ ಪಟ್ಟಿ ಹೀಗೆ ಬರಿದಾಗಿರುತ್ತದೆ. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಒಳಬರಬೇಕು. ಕಿಟಕಿ ಮುಚ್ಚಿ ತೆರೆದರೆ ಸಾಲದು. ನಾನು ಇದು ತಿಳಿಯದೆ ಒಂದು ಇಡೀ ಭಾನುವಾರ ಕೇಬಲ್ ಬದಲಿಸುತ್ತ ಕುಳಿತಿದ್ದೆ.

ನನ್ನ ಅಂಗಡಿಯಲ್ಲಿರುವುದು ಎಚ್‌ಪಿ ಲೇಸರ್‌ಜೆಟ್ 1020. ಅದು ತನ್ನನ್ನು ನಡೆಸುವ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ಒಳಗೆ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಆನ್ ಆದಾಗಲೂ ಕಂಪ್ಯೂಟರಿನ ಡ್ರೈವರ್ ಅದನ್ನು ಕಳುಹಿಸಿಕೊಡಬೇಕು. ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಂಟರ್ ಗೆಸ್ಟ್‌ನಿಂದ ಕಳಚಿ ಹೋಸ್ಟ್‌ನ ಪಾಲಾಗುತ್ತಿತ್ತು, ಫರ್ಮ್‌ವೇರ್ ಕಳುಹಿಸುವವರಿಲ್ಲದೆ ಸುಮ್ಮನಿರುತ್ತಿತ್ತು, ಗಿರಾಕಿಗಳು ಪಹಣಿ ಹಿಡಿದು ಸಾಲಿನಲ್ಲಿ ನಿಂತಿರುತ್ತಿದ್ದರು. ಮೆನುವಿನಿಂದ ಪ್ರತಿ ಬಾರಿ ಕೈಯಾರೆ ಜೋಡಿಸುವುದನ್ನು ಬಿಟ್ಟು, ಸೆಟ್ಟಿಂಗ್ಸ್‌ನಲ್ಲಿ ಆ ಪ್ರಿಂಟರಿಗೊಂದು ಯುಎಸ್‌ಬಿ ಫಿಲ್ಟರ್ (ಇಂಥ ಸಂಖ್ಯೆಯ ಸಾಧನ ಗೆಸ್ಟ್‌ಗೆ ಹೋಗಲಿ ಎಂಬ ನಿಯಮ) ಮಾಡಿಟ್ಟ ಮೇಲೆ ಅದು ತಾನಾಗಿಯೇ ಗೆಸ್ಟ್‌ಗೆ ಹೋಗುತ್ತಿದೆ. ಒಂದು ಎಚ್ಚರಿಕೆ: ಏನನ್ನೂ ತುಂಬದ ಖಾಲಿ ಫಿಲ್ಟರನ್ನು ಸೇರಿಸಬೇಡಿ. ಅದು ಎಲ್ಲ ಸಾಧನಗಳಿಗೂ ಹೊಂದುತ್ತದೆಯಾದ್ದರಿಂದ ಮಷಿನ್ ಶುರುವಾದ ಕ್ಷಣ ಕೀಬೋರ್ಡ್, ಮೌಸ್ ಎರಡೂ ಗೆಸ್ಟ್‌ನೊಳಗೆ ಹೋಗಿಬಿಡುತ್ತವೆ. ನನಗೆ ಹಾಗಾದಾಗ ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ದಾರಿಯಾಗಿ ಕಂಡಿತ್ತು.

ಹುಬ್ಬಳ್ಳಿಯಿಂದ, ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವವರು:

ಮೇಲಿನವರ ಮಾತಿಗೆ ನನ್ನದೊಂದು ಸೇರ್ಪಡೆ. ಹೋಸ್ಟ್‌ಗೆ ಸಾಧನದ ಗುರುತೇ ಇಲ್ಲದಿದ್ದರೆ ಒಳ್ಳೆಯದೇ. ಅರ್ಧಂಬರ್ಧ ಗುರುತಿದ್ದಾಗಲೇ ತೊಂದರೆ. ನಾವು ಜಿಎಸ್‌ಟಿ, ಟೆಂಡರ್ ಮುಂತಾದವುಗಳಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುತ್ತೇವೆ. ಉಬುಂಟುವಿನಲ್ಲಿ ಪಿಸಿಎಸ್‌ಸಿಡಿ ಎಂಬ ಸ್ಮಾರ್ಟ್‌ಕಾರ್ಡ್ ಸೇವೆಯೊಂದಿದ್ದು, ಟೋಕನ್ ಚುಚ್ಚಿದ ತಕ್ಷಣ ಅದು ಹಿಡಿದುಕೊಳ್ಳುತ್ತಿತ್ತು. ಗೆಸ್ಟ್‌ಗೆ ಕೊಡಲು ಹೋದರೆ ಸಾಧನ ಬೇರೆ ಕೆಲಸದಲ್ಲಿದೆ ಎಂಬ ದೋಷಸಂದೇಶ ಬರುತ್ತಿತ್ತು. ಸೇವೆಯನ್ನು ನಿಲ್ಲಿಸಿದೆ, ಮತ್ತೆ ಅದೇ ಸಂದೇಶ. ಆಮೇಲೆ ತಿಳಿದದ್ದೇನೆಂದರೆ, ಅದೇ ಹೆಸರಿನ ಸಾಕೆಟ್ (ತಂತ್ರಾಂಶಗಳು ಸೇವೆಯನ್ನು ಕರೆಯುವ ದ್ವಾರ) ಒಂದು ಪ್ರತ್ಯೇಕವಾಗಿದ್ದು, ಯಾರಾದರೂ ಕರೆದೊಡನೆ ಅದು ಸೇವೆಯನ್ನು ಮತ್ತೆ ಎಬ್ಬಿಸುತ್ತದೆ. ಎರಡನ್ನೂ ನಿಲ್ಲಿಸಿದ ಮೇಲೆ ಟೋಕನ್ ಗೆಸ್ಟ್‌ನಲ್ಲಿ ನೆಟ್ಟಗೆ ಕಾಣಿಸಿಕೊಂಡಿತು. ಸಾಧನ ಪಟ್ಟಿಯಲ್ಲಿ ಕಂಡೂ ಟಿಕ್ ಹಾಕಲು ಬಿಡದಿದ್ದರೆ, ಹೋಸ್ಟ್‌ನಲ್ಲಿ ಅದನ್ನು ಹಿಡಿದಿರುವವರು ಯಾರು ಎಂದು ಹುಡುಕಿ.

ಮೈಸೂರಿನಿಂದ, ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದವರು:

ಫಿಲ್ಟರಿನ ಬಗ್ಗೆ ನಮ್ಮ ಅನುಭವ ಸ್ವಲ್ಪ ಬೇರೆಯಾಗಿತ್ತು. ಆರ್ಡುಯಿನೋ ಲಿಯೊನಾರ್ಡೊ ಎಂಬ, ಪ್ರೋಗ್ರಾಮ್ ತುಂಬಬಹುದಾದ ಪುಟ್ಟ ಬೋರ್ಡಿನ ಉತ್ಪನ್ನ ಸಂಖ್ಯೆ ಸಾಮಾನ್ಯವಾಗಿ 8036. ಆದರೆ ಪ್ರೋಗ್ರಾಮ್ ತುಂಬುವಾಗ ಅದು ಹೊಸ ಪ್ರೋಗ್ರಾಮನ್ನು ಬರಮಾಡಿಕೊಳ್ಳುವ ಬೂಟ್‌ಲೋಡರಿಗೆ ಜಾರಿ, ಸುಮಾರು 8 ಸೆಕೆಂಡು 0036 ಎಂಬ ಸಂಖ್ಯೆಯ ಬೇರೊಂದು ಸಾಧನದಂತೆ ಕಾಣಿಸಿಕೊಳ್ಳುತ್ತದೆ. ಮೊದಲ ಸಂಖ್ಯೆಗೆ ಮಾತ್ರ ಫಿಲ್ಟರ್ ಇದ್ದುದರಿಂದ ಆ 8 ಸೆಕೆಂಡು ಬೋರ್ಡ್ ಹೋಸ್ಟ್‌ನಲ್ಲಿರುತ್ತಿತ್ತು, ಅಪ್‌ಲೋಡ್ ವಿಫಲವಾಗುತ್ತಿತ್ತು, ನೋಡಲು ಹೋದರೆ ಬೋರ್ಡ್ ಏನೂ ಆಗದಂತೆ ಗೆಸ್ಟ್‌ಗೆ ಮರಳಿರುತ್ತಿತ್ತು. ವಿದ್ಯಾರ್ಥಿಗಳಿಗಿಂತ ಮೊದಲು ನಮ್ಮ ತಾಳ್ಮೆಯೇ ಮುಗಿಯಿತು. ಉತ್ಪನ್ನ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟು, ತಯಾರಕರ ಸಂಖ್ಯೆ 2341 ಒಂದನ್ನೇ ಉಳಿಸಿದಾಗ ಸಮಸ್ಯೆ ಬಗೆಹರಿಯಿತು.

ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಗೆಸ್ಟ್‌ಗೆ ಕೊಡುವ ಯುಎಸ್‌ಬಿ ಕಂಟ್ರೋಲರ್. ಯುಎಸ್‌ಬಿ 3.0 ಕಂಟ್ರೋಲರಿನ ಡ್ರೈವರ್ ವಿಂಡೋಸ್‌ನಲ್ಲೇ ಅಡಕವಾಗಿ ಬಂದದ್ದು ವಿಂಡೋಸ್ 8ರಿಂದ. ವಿಂಡೋಸ್ 7ಕ್ಕೆ 3.0 ಕೊಟ್ಟರೆ, ಅದಕ್ಕೆ ಬೇಕಾದ ಡ್ರೈವರನ್ನು ಬೇರೆಯಾಗಿ ಹಾಕುವವರೆಗೂ ಸ್ಕ್ಯಾನರ್ ಗೆಸ್ಟ್‌ಗೆ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 2.0 ಆಯ್ದುಕೊಳ್ಳಿ, ಸೆಕೆಂಡಿಗೆ 480 ಮೆಗಾಬಿಟ್ ಹಳೆಯ ಸ್ಕ್ಯಾನರಿಗೆ ಧಾರಾಳವಾಯಿತು. ಹಿಂದೆ 2.0 ಮತ್ತು 3.0ಕ್ಕೆ ಎಕ್ಸ್‌ಟೆನ್ಶನ್ ಪ್ಯಾಕ್ ಎಂಬ ಪ್ರತ್ಯೇಕ ಸೇರ್ಪಡೆ ಬೇಕಾಗಿತ್ತು, ವರ್ಚುವಲ್‌ಬಾಕ್ಸ್ 7.0ರಿಂದ ಅವು ಮೂಲ ತಂತ್ರಾಂಶದಲ್ಲೇ ಇವೆ. ಇನ್ನು, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿರುವುದರಿಂದ ಆ ಗೆಸ್ಟ್‌ಗೆ ನೆಟ್‌ವರ್ಕ್ ಕೊಡಬೇಡಿ. ಸ್ಕ್ಯಾನ್ ಆದ ಕಡತಗಳನ್ನು ಷೇರ್ಡ್ ಫೋಲ್ಡರ್ ಮೂಲಕ ಹೊರಗೆ ತರಬಹುದು, ಅದಕ್ಕೆ ನೆಟ್‌ವರ್ಕ್ ಬೇಡ.

ಪುಣೆಯಲ್ಲಿರುವ ಕನ್ನಡಿಗರು:

ಇದನ್ನು ಓದಿ ಮ್ಯಾಕ್‌ನಲ್ಲಿ ಪ್ರಯತ್ನಿಸುವವರಿಗೆ ಒಂದು ಮಾತು. ಆಪಲ್‌ನ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಹಾಕುವುದು ಎಆರ್‌ಎಂ ವಿಂಡೋಸ್, ಅಂದರೆ ಆ ಬಗೆಯ ಚಿಪ್‌ಗೆಂದು ಮಾಡಿದ ವಿಂಡೋಸ್. ಅದು ಇಂಟೆಲ್‌ಗಾಗಿ ಬರೆದ ಸಾಮಾನ್ಯ ತಂತ್ರಾಂಶಗಳನ್ನು ಹೇಗೋ ನಡೆಸುತ್ತದೆ, ಆದರೆ ವಿಂಡೋಸ್‌ನ ತಿರುಳಿನಲ್ಲೇ (ಕರ್ನಲ್) ಓಡುವ ಡ್ರೈವರುಗಳನ್ನು ನಡೆಸುವುದಿಲ್ಲ. ಅವು ಎಆರ್‌ಎಂಗೆಂದೇ ಸಿದ್ಧವಾಗಿರಬೇಕು. ನನ್ನ ಲೇಬಲ್ ಪ್ರಿಂಟರ್ ಗೆಸ್ಟ್‌ನವರೆಗೆ ಸಲೀಸಾಗಿ ತಲುಪಿತು, ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಹೊತ್ತು ಅಲ್ಲಿಯೇ ಕುಳಿತಿತು. ಕೊನೆಗೆ ಹಳೆಯ ಇಂಟೆಲ್ ಲ್ಯಾಪ್‌ಟಾಪ್ ಒಂದನ್ನು ಅದಕ್ಕೇ ಮೀಸಲಿಟ್ಟೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಧನ್ಯವಾದಗಳು. ಗುಂಪಿಗೆ ಸೇರಿಸಿ ಲಾಗ್‌ಔಟ್ ಆಗಿ ಬಂದಾಗ ಪಟ್ಟಿಯಲ್ಲಿ ಐದು ಸಾಧನಗಳು ಕಂಡವು. ಸ್ಕ್ಯಾನರಿಗೆ ಹೆಸರಿರಲಿಲ್ಲ, ಎರಡು ಸಂಖ್ಯೆಗಳಷ್ಟೇ ಇದ್ದವು. ಕಂಟ್ರೋಲರನ್ನು 2.0ಕ್ಕೆ ಬದಲಿಸಿ, ಆ ಸಂಖ್ಯೆಗಳಿಗೆ ಫಿಲ್ಟರ್ ಮಾಡಿ, ಗೆಸ್ಟ್‌ನಲ್ಲಿ ಸಿ.ಡಿ.ಯಿಂದ ಡ್ರೈವರ್ ಹಾಕಿದೆ. ಮೊದಲ ಪುಟ 300 ಡಿಪಿಐನಲ್ಲಿ ಬಂದಿದೆ. 1200ಕ್ಕೆ ಏರಿಸಿದರೆ ಅರ್ಧ ಪುಟಕ್ಕೆ ನಿಲ್ಲುತ್ತಿತ್ತು. ಗೆಸ್ಟ್‌ಗೆ 1 ಜಿಬಿ ಬದಲು 3 ಜಿಬಿ ಮೆಮೊರಿ ಕೊಟ್ಟ ಮೇಲೆ ಅದೂ ಮುಗಿಯುತ್ತಿದೆ.